ಹಳೆಯ ಕಾಲುಪೇಟಿಗೆ ಹೊಸ ತೊಗಲು ಹಾಕಿ, ರೀಡು ಕೀಳಬೇಡಿ

ಮಾನ್ಯ ಸಂಪಾದಕರೇ,

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆ ಅಟ್ಟದ ಮೇಲಿನ ಪೇಟಿಗಳು, ಅಂದರೆ ಹಾರ್ಮೋನಿಯಂಗಳು, ಕೆಳಗಿಳಿಯುತ್ತವೆ. ಪುರಾಣ ಹಚ್ಚಬೇಕು, ಭಜನೆ ನಡೆಯಬೇಕು. ಧೂಳು ಜಾಡಿಸಿ ಊದಿ ನೋಡಿದರೆ ನಾಲ್ಕು ಸ್ವರ ಬರುವುದಿಲ್ಲ, ಎರಡು ಸ್ವರ ನಿಲ್ಲುವುದಿಲ್ಲ. ಆಗ ಯಾರೋ ಒಬ್ಬರು ‘ಪೂರಾ ಹೊಸದು ಮಾಡಿಸಿಬಿಡೋಣ’ ಎನ್ನುತ್ತಾರೆ. ಆ ‘ಪೂರಾ’ ಎಂಬ ಮಾತಿನ ಬಗ್ಗೆಯೇ ಈ ಪತ್ರ.

ಮುಖ್ಯವಾಗಿ ಕಾಲುಪೇಟಿಗಳ ವಿಷಯ: ಕಾಲಲ್ಲಿ ಪೆಡಲು ತುಳಿದು, ಎರಡೂ ಕೈಯಿಂದ ನುಡಿಸುವ ಲೆಗ್ ಹಾರ್ಮೋನಿಯಂ. ಕಂಪನಿ ನಾಟಕಗಳ ಕಾಲದಲ್ಲಿ ರಂಗದ ಮುಂದೆ ಇದ್ದದ್ದು ಇದೇ. ಮಠ, ಭಜನಾ ಮಂಡಳಿ, ಕವಾಲರ ಮನೆ, ಮೆಥೋಡಿಸ್ಟ್ ಚರ್ಚು ಎನ್ನದೆ ಇಲ್ಲಿ ಇಂಥ ಪೇಟಿ ಸಿಗದ ಜಾಗವಿಲ್ಲ. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಅಲೆಕ್ಸಾಂಡ್ರ್ ದೆಬೇನ್ ರೂಪಿಸಿದ ವಾದ್ಯದ ಮನೆತನ ಇದು. 1875ರಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನೇ ನೆಲದ ಮೇಲೆ ಕೂತು ನುಡಿಸುವ ಕೈಪೇಟಿ ಮಾಡಿದರು. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು; ನಮ್ಮ ಗುಡಿಗಳು ಮಾತ್ರ ಹಾಕಲಿಲ್ಲ. ಹಾಗಾಗಿಯೇ ಇಷ್ಟು ಪೇಟಿಗಳು ಉಳಿದಿವೆ.

ಪೇಟಿಯೊಳಗೆ ಎರಡು ಜಾತಿಯ ಸಾಮಾನಿವೆ. ತೊಗಲು, ಫೆಲ್ಟು, ತಿದಿಯ ಬಟ್ಟೆ, ಸ್ಪ್ರಿಂಗು, ಪೆಡಲಿನ ಪಟ್ಟಿ, ಇವು ಸವೆಯುವುದಕ್ಕೆಂದೇ ಹಾಕಿದವು. ಮಾಡಿದವನಿಗೂ ಗೊತ್ತಿತ್ತು, ಮೂವತ್ತು ನಲವತ್ತು ವರ್ಷಕ್ಕೆ ಇವನ್ನು ಬದಲಿಸಬೇಕಾಗುತ್ತದೆ ಎಂದು. ಅದಕ್ಕೇ ಬಿಚ್ಚಲು ಬರುವ ಅಂಟು, ಬಿಚ್ಚಲು ಬರುವ ತಿರುಪು ಹಾಕಿದ. ಇನ್ನೊಂದು ಜಾತಿ ರೀಡು (ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆ), ರೀಡುಗಳನ್ನು ಕೂರಿಸಿದ ಹಲಗೆಯಾದ ರೀಡ್ ಬೋರ್ಡು, ಕೀ, ಪೆಟ್ಟಿಗೆ. ಇವನ್ನು ಬದಲಿಸಿದರೆ ಉಳಿಯುವುದು ಬೇರೆ ಪೇಟಿ, ಹಳೆಯದರ ಹೆಸರು ಮಾತ್ರ. ದುರಸ್ತಿ ಎಲ್ಲಿ ನಿಲ್ಲಬೇಕು ಎಂಬ ಜಗಳ ಬಂದಾಗೆಲ್ಲ ಈ ಗೆರೆಯನ್ನು ನೆನಪಿಟ್ಟರೆ ಮುಕ್ಕಾಲು ಪಾಲು ತೀರ್ಮಾನವಾದಂತೆ.

ಮೊದಲು ಬಿಚ್ಚದೆಯೇ ಪರೀಕ್ಷೆ ಮಾಡಿ. ರೀಡುಗಳಿಗೆ ಗಾಳಿ ಬಿಡುವ ಗುಂಡಿಗಳಾದ ಸ್ಟಾಪರ್‌ಗಳನ್ನೆಲ್ಲ ಮುಚ್ಚಿ, ತುಳಿದು, ಗಾಳಿ ಕೂಡಿಡುವ ಒಳತಿದಿಯನ್ನು ಪೂರ್ತಿ ತುಂಬಿಸಿ, ಕಾಲು ತೆಗೆಯಿರಿ. ಒಳತಿದಿ ಕುಸಿಯಲು 20 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಗಾಳಿ ಭದ್ರವಾಗಿದೆ ಎಂಬುದು ನಮ್ಮ ಲೆಕ್ಕ. ಐದಾರು ಸೆಕೆಂಡಿನಲ್ಲಿ ಕೂತುಬಿಟ್ಟರೆ ತಿದಿಯ ಮೂಲೆ ಒಡೆದಿದೆ, ಇಲ್ಲವೇ ಜೋಡಣೆ ಬಿಟ್ಟಿದೆ. ಒದ್ದೆ ಮಾಡಿದ ಅಂಗೈ ಹಿಂಭಾಗವನ್ನು ಅಂಚಿನುದ್ದಕ್ಕೂ ಹಿಡಿದರೆ ಗಾಳಿ ಎಲ್ಲಿಂದ ಬರುತ್ತಿದೆ ಎಂದು ತಣ್ಣಗೆ ತಾಗಿ ತಿಳಿಯುತ್ತದೆ. ಕೆಲವರು ಊದುಬತ್ತಿ ಹೊಗೆಯಿಂದ ಹುಡುಕುತ್ತಾರೆ. ಕೀಗಳ ಹತ್ತಿರ ದಯವಿಟ್ಟು ಅದು ಬೇಡ. ಹಳೆಯ ಬಿಳಿ ಕೀಗಳ ಹೊದಿಕೆ ಬಹುತೇಕ ಸೆಲ್ಯುಲಾಯ್ಡ್. ಕಿಡಿ ತಾಗಿದರೆ ಕರ್ಪೂರದ ಹಾಗೆ ಹೊತ್ತಿಕೊಳ್ಳುತ್ತದೆ.

ಗಾಳಿ ಸೋರುವ ಪೇಟಿಯಲ್ಲಿ ರೀಡನ್ನು ಬೈಯುವುದೇ ತಪ್ಪು. ಒತ್ತಡ ಸಾಲದಿದ್ದರೆ ಖರಜದ (ತಗ್ಗು ಸ್ವರದ) ದೊಡ್ಡ ರೀಡುಗಳು ತಡವಾಗಿ ಬಾಯಿ ಬಿಡುತ್ತವೆ, ಸ್ವರವೂ ಸ್ಥಿರವಿರುವುದಿಲ್ಲ. ‘ರೀಡು ಸತ್ತಿವೆ, ಎಲ್ಲ ಬದಲಿಸಬೇಕು’ ಎಂದು ಯಾರಾದರೂ ಹೇಳಿದರೆ, ಮೊದಲು ತಿದಿ ಸರಿ ಮಾಡಿ ತೋರಿಸಿ ಎನ್ನಿ.

ತಿದಿಯ ಮೂಲೆಗಳಿಗೆ ತೆಳುವಾದ ಕುರಿ ಅಥವಾ ಆಡಿನ ತೊಗಲೇ ಆಗಬೇಕು. ದಪ್ಪ 1 ಮಿ.ಮೀ. ಮೀರಬಾರದು, ಮಡಿಚಿದರೆ ಗೆರೆ ಉಳಿಯಬಾರದು. ರೆಕ್ಸಿನ್ ಅಗ್ಗ, ಹೊಳಪೂ ಇದೆ. ಆದರೆ ನಮ್ಮ ಊರಿನ 42–43 ಡಿಗ್ರಿ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಬಿರುಸಾಗಿ ಮಡಿಕೆಯಲ್ಲೇ ಸೀಳುತ್ತದೆ. ಕೀ ಒತ್ತಿದಾಗ ಮೇಲೇಳುವ ಮುಚ್ಚಳಗಳಿಗೆ 2–3 ಮಿ.ಮೀ. ಫೆಲ್ಟು, ಅದರ ಮೇಲೆ ಮೆತ್ತನೆಯ ತೊಗಲು, ನಯವಾದ ಮೈ ಒಳಗೆ, ಜುಂಗಿನ ಮೈ ರಂಧ್ರದ ಕಡೆಗೆ. ಸ್ವರ ನಿಲ್ಲದೆ ಕೂಗುತ್ತಲೇ ಇರುವ ತೊಂದರೆ ಬರುವುದು ಬಹುತೇಕ ಇಲ್ಲಿಯೇ. ನುಸಿ ತಿಂದ ಫೆಲ್ಟು, ಇಲ್ಲವೇ ತೊಗಲಿನ ಕೆಳಗೆ ಸಿಕ್ಕಿದ ಒಂದು ಜೋಳದ ಕಾಳು, ಅಷ್ಟೇ. ಸ್ಪ್ರಿಂಗು ತುಕ್ಕು ಹಿಡಿದು ಸೋತಿದ್ದರೂ ಹೀಗಾಗುತ್ತದೆ. ಸ್ಪ್ರಿಂಗು ಬದಲಿಸುವುದಾದರೆ ಒಂದೆರಡಲ್ಲ, 39 ಕೀಗಳಿದ್ದರೆ 39ನ್ನೂ ಒಂದೇ ತಂತಿಯಿಂದ ಮಾಡಿದ್ದು ಹಾಕಿಸಿ. ಇಲ್ಲದಿದ್ದರೆ ಕೆಲವು ಕೀ ಬಿಗಿ, ಕೆಲವು ಸಡಿಲ. ಬೆರಳಿಗೆ ಹಲ್ಲುಬಿದ್ದ ಬಾಯಿಯ ಹಾಗೆ ತಾಗುತ್ತದೆ.

ಈಗ ಅಂಟು. ಹಳೆಯ ಪೇಟಿಗಳಲ್ಲಿರುವುದು ತೊಗಲು, ಎಲುಬು ಕುದಿಸಿ ಮಾಡಿದ ಸರೇಸು. ಹರಳನ್ನು ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಬೆಳಿಗ್ಗೆ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60 ಡಿಗ್ರಿಯ ಆಸುಪಾಸು ಬಿಸಿ ಮಾಡಬೇಕು. ಕುದಿಸಿದರೆ ಅಂಟಿನ ಬಲ ಹೋಯಿತು. ವಾಸನೆ ಬರುತ್ತದೆ ನಿಜ, ಶಾಕಾಹಾರಿ ಮಠಗಳಲ್ಲಿ ಇದಕ್ಕೆ ಆಕ್ಷೇಪವೂ ಬರಬಹುದು. ಆದರೆ ಇದರ ಗುಣ ಬೇರೆ: ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಹತ್ತು ನಿಮಿಷದಲ್ಲಿ ಬಿಡುತ್ತದೆ, ಮರಕ್ಕೆ ಗಾಯವಾಗುವುದಿಲ್ಲ. ಫೆವಿಕಾಲ್ ಹಾಕಿ ತೊಗಲು ಅಂಟಿಸಿದರೆ ಮುಂದಿನ ಸಲ ಕೀಳುವಾಗ ಮರದ ಸಿಬಿರೂ ಕಿತ್ತು ಬರುತ್ತದೆ. ಮುರಿದ ಕಾಲಿಗೆ ಫೆವಿಕಾಲ್ ಬೇಕಾದರೆ ಹಾಕಿ, ನಮ್ಮ ತಕರಾರಿಲ್ಲ. ಮತ್ತೆ ಬಿಚ್ಚಬೇಕಾದ ಜಾಗಕ್ಕೆ ಬೇಡ.

ಇನ್ನು ರೀಡು. ಪೇಟಿಯ ಜೀವ ಇಲ್ಲಿಯೇ ಇರುವುದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇವೆ.

ಹಿತ್ತಾಳೆಯ ಚೌಕಟ್ಟು, ಅದಕ್ಕೆ ಒಂದು ತುದಿಯಲ್ಲಿ ರಿವೆಟ್ ಹೊಡೆದ ಹಿತ್ತಾಳೆಯ ನಾಲಿಗೆ. ಕೀಗೆ ಎರಡರಂತೆ ರೀಡು ಇರುವ 39 ಕೀಯ ಡಬಲ್ ರೀಡ್ ಪೇಟಿಯಲ್ಲಿ ಇಂಥವು 78. ಹಳೆಯ ಪೇಟಿಗಳಲ್ಲಿ ಜರ್ಮನಿಯ ‘ಜುಬಿಲೇಟ್’ ಅಥವಾ ಪ್ಯಾರಿಸ್‌ನ ರೀಡುಗಳಿರುವುದುಂಟು. ನಮ್ಮಲ್ಲಿ ರೀಡಿಗೆ ಹೆಸರಾದ ಊರು ಗುಜರಾತಿನ ಪಾಲಿತಾಣ. ಪಾಲಿತಾಣದ ರೀಡು ಕೆಟ್ಟದ್ದಲ್ಲ, ಹೊಸ ಪೇಟಿಗೆ ಅದನ್ನೇ ಹಾಕಿಸಿ. ಆದರೆ ಜರ್ಮನ್ ರೀಡಿನ ಹಳೆಯ ಸೆಟ್ಟಿಗೆ ಪೇಟೆಯಲ್ಲಿ ಗಿರಾಕಿ ಇದ್ದೇ ಇರುತ್ತದೆ. ‘ಹಳೆಯದು ಬೇಕಾಗಿಲ್ಲ ಬಿಡಿ’ ಎಂದು ಮಂಡಳಿಯವರು ಕೈಬಿಟ್ಟ ಸೆಟ್ಟು ಮುಂದೆ ಬೇರೆ ಪೆಟ್ಟಿಗೆ ಸೇರಿ ದುಬಾರಿ ಬೆಲೆಗೆ ಹೋಗುತ್ತದೆ. ಬಿಚ್ಚಿದ ಒಂದೊಂದು ಸಾಮಾನನ್ನೂ, ಹರಿದ ತೊಗಲಿನ ಸಮೇತ, ಚೀಲದಲ್ಲಿ ಹಾಕಿ ವಾಪಸು ಕೊಡಬೇಕು ಎಂದು ಕೆಲಸ ಕೊಡುವ ಮುಂಚೆಯೇ ಬರೆಸಿಕೊಳ್ಳಿ.

ರೀಡು ಕೆಟ್ಟಿದೆಯೋ ಕೊಳೆ ಸೇರಿದೆಯೋ ಎಂದು ತಿಳಿಯುವುದು ಹೇಗೆ? ಸ್ವರವೇ ಬಾರದಿದ್ದರೆ ಬಹುಮಟ್ಟಿಗೆ ನಾಲಿಗೆ ಮತ್ತು ಚೌಕಟ್ಟಿನ ನಡುವೆ ಧೂಳು. ತೆಳು ಕಾಗದದ ಚೂರನ್ನು ಆ ಸಂದಿಯಲ್ಲಿ ಒಮ್ಮೆ ಎಳೆದರೆ ಬಾಯಿ ಬರುತ್ತದೆ. ಪರಪರ ಸದ್ದು ಬಂದರೆ ನಾಲಿಗೆ ಪಕ್ಕಕ್ಕೆ ಸರಿದು ಚೌಕಟ್ಟಿಗೆ ಉಜ್ಜುತ್ತಿದೆ, ಇಲ್ಲವೇ ತಿರುಪು ಸಡಿಲವಾಗಿದೆ. ತಿರುಪನ್ನು ಬಲ ಹಾಕಿ ಬಿಗಿದರೆ ಚೌಕಟ್ಟೇ ಬಾಗಿ ಉಜ್ಜುವುದು ಹೆಚ್ಚಾಗುತ್ತದೆ. ಎರಡು ಬೆರಳಿನ ಬಲ ಸಾಕು. ಎಲ್ಲ ಸ್ವರಗಳೂ ಒಂದು ಹೆಚ್ಚು, ಒಂದು ಕಡಿಮೆ ಎಂಬಂತೆ ಸ್ವಲ್ಪ ಸ್ವಲ್ಪ ಇಳಿದಿದ್ದರೆ ನಾಲಿಗೆಗಳ ತುದಿಯ ಮೇಲೆ ಮೇಣ ಕಟ್ಟಿದಂತೆ ಕೊಳೆ ಕೂತಿದೆ, ತುದಿಯ ಭಾರ ಸ್ವರವನ್ನು ಇಳಿಸುತ್ತದೆ. ಒಂದೇ ಒಂದು ಸ್ವರ ನಿನ್ನೆ ಸರಿಯಿದ್ದು ಇವತ್ತು ಇದ್ದಕ್ಕಿದ್ದಂತೆ ಇಳಿದರೆ ಅದು ಬೇರೆ ಕಥೆ. ನಾಲಿಗೆಯ ಬುಡದಲ್ಲಿ ಬಿರುಕು ಬಿಟ್ಟಿದೆ. ಆ ಒಂದನ್ನು ಮಾತ್ರ ಬದಲಿಸಬೇಕು, ಉಳಿದ 77ನ್ನು ಅಲ್ಲ. ಬದಲಿ ರೀಡಿನ ಚೌಕಟ್ಟು ಕೂರದಿದ್ದರೆ ಚೌಕಟ್ಟನ್ನು ಅರದಿಂದ ಉಜ್ಜಿ ಕೂರಿಸಿ. ಹಳೆಯ ರೀಡ್ ಬೋರ್ಡಿಗೆ ಉಳಿ ಹಾಕಬೇಡಿ.

ತೊಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆಯ ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೈಗಳು ರೀಡಿಗೂ ಅದನ್ನೇ ಮಾಡಲು ಹೊರಡುತ್ತವೆ. ಬೇಡವೇ ಬೇಡ. ಹುಳಿ ಸಂದಿಯಲ್ಲಿ ಉಳಿದು ಕಿಲುಬು ಹಿಡಿಸುತ್ತದೆ. ಬ್ರಾಸೊ ಇನ್ನೂ ಕೆಟ್ಟದ್ದು. ಅದರ ಪುಡಿ ನಾಲಿಗೆಯನ್ನು ಸವೆಸಿ ಸ್ವರ ಬದಲಿಸುತ್ತದೆ, ಅಮೋನಿಯಾ ಇರುವ ಪಾಲಿಶು ಹಿತ್ತಾಳೆಯನ್ನು ಒಳಗಿಂದ ಬಿರಿಯುವಂತೆ ಮಾಡುತ್ತದೆ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯದಲ್ಲಿಟ್ಟ ತೋಟಾಗಳ ಹಿತ್ತಾಳೆ ಕೊಳವೆಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವು. ಕಾರಣ, ಕುದುರೆ ಮೂತ್ರದ ಅಮೋನಿಯಾ ಮತ್ತು ತೇವ ಎಂದು ಆಮೇಲೆ ಗೊತ್ತಾಯಿತು. ಪೇಟಿಯೊಳಗೆ ಇಲಿ ಗೂಡು ಮಾಡಿದ ಕಡೆಯ ರೀಡುಗಳನ್ನೂ ಇದೇ ಕಣ್ಣಿನಿಂದ ನೋಡಿ. ಮೆತ್ತನೆಯ ಒಣ ಕುಂಚ, ಹಟಮಾರಿ ಕೊಳೆಗೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ, ಇಷ್ಟೇ ಸಾಕು. ನಾಲಿಗೆ ಥಳಥಳಿಸಬೇಕಾಗಿಲ್ಲ. ಬಿದರಿ ಹೂಜಿಯನ್ನು ಯಾರೂ ಬೆಳ್ಳಗೆ ತಿಕ್ಕುವುದಿಲ್ಲವಲ್ಲ? ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪು ಹೋದರೆ ಬೆಳ್ಳಿಯ ಗೆರೆ ಎದ್ದು ಕಾಣುವುದಾದರೂ ಹೇಗೆ?

ಸ್ವರ ಕೂರಿಸುವುದು, ಅಂದರೆ ಟ್ಯೂನಿಂಗ್. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆಯುವಾಗ ನಾಲಿಗೆಯ ಕೆಳಗೆ ತೆಳು ತಗಡು ಕೊಟ್ಟು ಆಧಾರ ಇರಬೇಕು. ಎರಡು ಸಲ ಕೆರೆದು, ರೀಡು ತಣಿಯಲು ಬಿಟ್ಟು, ಮತ್ತೆ ನೋಡಬೇಕು. ಕೈ ಬಿಸಿಗೇ ಸ್ವರ ಅಲುಗುತ್ತದೆ. ಪೂರ್ತಿ ಕೂರಿಸಿದ ಮೇಲೆ ಒಂದು ರಾತ್ರಿ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಬೇಕು. ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲ. ಆದ್ದರಿಂದ ಕೊಳೆ ತೆಗೆಯದೆ, ಗಾಳಿ ಭದ್ರ ಮಾಡದೆ ಅರ ಹಿಡಿಯುವ ಮಿಸ್ತ್ರಿಯ ಕೈಗೆ ಪೇಟಿ ಕೊಡಬೇಡಿ.

ಇಲ್ಲಿಯೇ ದೊಡ್ಡ ತಪ್ಪೊಂದು ನಡೆಯುತ್ತದೆ. ಮೊಬೈಲಿನ ಟ್ಯೂನರ್ ಆ್ಯಪ್ ತೆರೆದು ಹಳೆಯ ಪೇಟಿ ನುಡಿಸಿದರೆ ಎಲ್ಲ ಸ್ವರಗಳೂ ಒಂದೇ ಸಮ ಇಳಿದಂತೆ ಕಾಣಬಹುದು. ಪೇಟಿ ಕೆಟ್ಟಿದೆ ಎಂದು ಕೆರೆಯಲು ಕೂರುತ್ತಾರೆ. ಆ್ಯಪ್ ಲೆಕ್ಕ ಹಿಡಿಯುವುದು ಪಾಶ್ಚಾತ್ಯರ ಎ ಸ್ವರ ಸೆಕೆಂಡಿಗೆ 440 ಕಂಪನ ಎಂದು. ಅದು ಒಪ್ಪಿತವಾದದ್ದು 1939ರಲ್ಲಿ. ಅದಕ್ಕೂ ಮುಂಚೆ ಫ್ರೆಂಚರು 1859ರಲ್ಲಿ ಗೊತ್ತುಮಾಡಿದ 435 ಯುರೋಪಿನಲ್ಲಿ ವ್ಯಾಪಕವಾಗಿತ್ತು. ಎರಡರ ಅಂತರ ಸುಮಾರು 20 ಸೆಂಟ್, ಅಂದರೆ ಪಕ್ಕಪಕ್ಕದ ಎರಡು ಕೀಗಳ ಅಂತರದಲ್ಲಿ ಐದರಲ್ಲೊಂದು ಪಾಲು. ಕೊಳೆ ತೆಗೆದ ಮೇಲೂ ಎಲ್ಲ ಸ್ವರಗಳೂ ಸರಿಸುಮಾರು ಇಷ್ಟೇ ಇಳಿದಿದ್ದರೆ ನಿಮ್ಮ ಪೇಟಿ ಕೆಟ್ಟಿಲ್ಲ, ಅದರ ಹುಟ್ಟೇ ಹಾಗೆ. 440ಕ್ಕೆ ಏರಿಸಬೇಕೆಂದರೆ 78 ನಾಲಿಗೆಗಳ ತುದಿಯನ್ನೂ ಕೆರೆಯಬೇಕು. ಯಾವ ಲಾಭಕ್ಕೆ? ಹಾಡುವವರು ಷಡ್ಜ ತೆಗೆದುಕೊಳ್ಳುವುದು ಪೇಟಿಯಿಂದ, ತಬಲಾ ಕೂರಿಸುವುದು ಪೇಟಿಗೆ. ‘ಕಾಳಿ ಎರಡು’, ಅಂದರೆ ಎರಡನೆಯ ಕರಿ ಕೀಯ ಷಡ್ಜ, ಕೂದಲೆಳೆಯಷ್ಟು ಇಳಿದಿದ್ದರೆ ಯಾರ ಕಂಠಕ್ಕೂ ನೋವಾಗುವುದಿಲ್ಲ. ಜೊತೆಗೆ ಕ್ಯಾಸಿಯೊ (ವಿದ್ಯುತ್ ಕೀಬೋರ್ಡು) ಇದ್ದರೆ ಅದರ ಟ್ಯೂನಿಂಗ್ ಗುಂಡಿ ಒತ್ತಿ ಕ್ಯಾಸಿಯೊವನ್ನೇ 435ಕ್ಕೆ ಇಳಿಸಿ. ಕೊಳಲಿನವರು ಬಂದರೆ ಮಾತ್ರ ತೊಡಕು, ಒಪ್ಪುತ್ತೇವೆ. ವರ್ಷಕ್ಕೊಮ್ಮೆ ಬರುವ ಕೊಳಲಿಗಾಗಿ ನೂರು ವರ್ಷದ ರೀಡು ಕೆರೆಯಬೇಕೇ ಎಂಬುದನ್ನು ಮಂಡಳಿಯವರೇ ಹೇಳಲಿ.

ಕೆಲವು ಗವಾಯಿಗಳು ಕಾಳಿ ಎರಡಕ್ಕೆ ಹೊಂದುವಂತೆ ಗಾಂಧಾರವನ್ನು 14 ಸೆಂಟ್ ಇಳಿಸಿಕೊಡಿ ಎನ್ನುತ್ತಾರೆ. ತಂಬೂರಿ ಜೊತೆ ಕೇಳಲು ಇಂಪು, ನಿಜ. ಆದರೆ ಷಡ್ಜ ಬದಲಾದ ಕೂಡಲೇ ಅದೇ ಕೀ ಅಪಸ್ವರ. ಹಳೆಯ ಪೇಟಿಯಲ್ಲಿ ಈ ಪ್ರಯೋಗ ಬೇಡ. ಹಳೆಯ ಕಾಲುಪೇಟಿಗೆ ಸ್ಕೇಲ್ ಚೇಂಜರ್ (ಕೀಗಳ ಸಾಲನ್ನೇ ಸರಿಸಿ ಷಡ್ಜ ಬದಲಿಸುವ ಏರ್ಪಾಡು) ಕೂರಿಸುವುದು, ಕಾಲು ಕತ್ತರಿಸಿ ಕೈಪೇಟಿ ಮಾಡುವುದು, ಪೆಡಲು ತೆಗೆದು ಮೋಟಾರು ಹಾಕುವುದು, ಇವುಗಳ ಬಗ್ಗೆ ಬರೆಯುವುದೇ ಬೇಸರ.

ಹೊರಮೈಯ ಪಾಲಿಶಿಗೆ ಬರೋಣ. ಮಂಡಳಿಯ ಸಭೆಯಲ್ಲಿ ಹೆಚ್ಚು ಮಾತು ನಡೆಯುವುದು ಇದರ ಮೇಲೆ, ಸ್ವರಕ್ಕೆ ಕಡಿಮೆ ಸಂಬಂಧ ಇರುವುದೂ ಇದಕ್ಕೇ. ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಬಿಡಿ. ಅಂಟಂಟಾದರೆ ಹಳೆಯದು ಅರಗಿನ ಪಾಲಿಶು. ಅದಕ್ಕೆ ಅರಗೇ ಔಷಧಿ: 100 ಗ್ರಾಂ ಚಪಡಾ (ಅರಗಿನ ಚಕ್ಕೆ), 500 ಮಿ.ಲೀ. ಸ್ಪಿರಿಟ್, ಒಂದು ದಿನ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ, ಬೆಂಕಿಯಿಂದ ದೂರ ಕೂತು, ಬಟ್ಟೆಯ ಉಂಡೆಯಿಂದ ತೆಳ್ಳಗೆ ನಾಲ್ಕೈದು ಸಲ. ಆರು ತಿಂಗಳ ಹಿಂದಿನ ದ್ರಾವಣ ಸರಿಯಾಗಿ ಒಣಗುವುದಿಲ್ಲ, ಚೆಲ್ಲಿಬಿಡಿ. ನೀರು ಬಿದ್ದು ಆದ ಬಿಳಿ ಮಚ್ಚೆ ಸ್ಪಿರಿಟ್ ಸೋಕಿಸಿದ ಬಟ್ಟೆ ಲಘುವಾಗಿ ಆಡಿಸಿದರೆ ಹೋಗುತ್ತದೆ. ಮೆಲಮೈನ್, ಪಿಯು ಎಂಬ ಈಗಿನ ಗಟ್ಟಿ ಪಾಲಿಶುಗಳನ್ನು ಬಳಿಸಬೇಡಿ. ಕನ್ನಡಿಯಂತೆ ಹೊಳೆಯುತ್ತದೆ, ಮುಂದೆ ಗೀರು ಬಿದ್ದರೆ ಪೂರ್ತಿ ಕೆರೆದೇ ತೆಗೆಯಬೇಕು. ಮಷಿನ್ನಿನಲ್ಲಿ ಉಜ್ಜುವುದಂತೂ ಅನಾಹುತ. ಹೊರದೇಶದ ಎಷ್ಟೋ ಪೆಟ್ಟಿಗೆಗಳ ಮೇಲಿರುವುದು ಒಂದು ಮಿ.ಮೀ. ದಪ್ಪದ ಒಳ್ಳೆಯ ಮರದ ಹಾಳೆ, ಕೆಳಗೆ ಸಾದಾ ಮರ. ಮಷಿನ್ನು ಒಂದು ಸುತ್ತು ಬರುವಷ್ಟರಲ್ಲಿ ಹಾಳೆ ಮಾಯ. ಒಳಗೆ ಅಂಟಿಸಿದ ಅಂಗಡಿಯ ಚೀಟಿ, ಕೀಗಳ ಮೇಲಿನ ಪೆನ್ಸಿಲ್ ಅಂಕಿ, ಉರ್ದುವಿನಲ್ಲಿ ಬರೆದ ಹೆಸರು ಏನಿದ್ದರೂ ಮುಟ್ಟದೆ ಬಿಡಿ. ನಿಜಾಮರ ಕಾಲದಲ್ಲಿ ಪೇಟಿ ಯಾವ ದಾರಿ ಹಿಡಿದು ಇಲ್ಲಿಗೆ ಬಂತು ಎಂಬುದಕ್ಕೆ ಅದೊಂದೇ ಕಾಗದ.

ಬಿಳಿ ಕೀಯ ಹೊದಿಕೆಯಲ್ಲಿ ಕರಿ ಕೀಯ ಮುಂಭಾಗಕ್ಕೆ ಸರಿಯಾಗಿ ಅಡ್ಡ ಕೂಡುಗೆರೆ ಕಂಡರೆ ಅದು ಆನೆದಂತ ಇರಬಹುದು. ಉದುರಿದ ಚೂರನ್ನು ಅಲ್ಲಿಯೇ ಕೂರಿಸಿ. ಮಾರುವುದು, ಕೊಳ್ಳುವುದು ಕಾನೂನಿಗೆ ವಿರುದ್ಧ.

ಋತುವಿನ ಲೆಕ್ಕ ನಮ್ಮ ಕಡೆಗೆ ಬಹಳ ಮುಖ್ಯ, ಯಾರೂ ಹಾಕುವುದಿಲ್ಲ. ಮೇ ತಿಂಗಳಲ್ಲಿ ಮರ ಒಣಗಿ ಕುಗ್ಗಿ ಜೋಡಣೆಗಳು ಬಾಯಿ ಬಿಡುತ್ತವೆ. ಆ ಸಂದಿಗೆ ಎಂ-ಸೀಲ್ ತುಂಬಿದರೆ ಮಳೆಗಾಲದಲ್ಲಿ ಮರ ಹಿಗ್ಗಿ, ಹೋಗಲು ಜಾಗವಿಲ್ಲದೆ ಪಕ್ಕದಲ್ಲಿ ಸೀಳುತ್ತದೆ. ಹಾಗೆಯೇ ಆಗಸ್ಟಿನಲ್ಲಿ ಉಬ್ಬಿ ಒಂದಕ್ಕೊಂದು ತಿಕ್ಕುವ ಕೀಗಳಿಗೆ ಬಡಗಿ ತೋಪಡ ಹಾಕಿದರೆ ಬೇಸಿಗೆಯಲ್ಲಿ ಅವು ಲಟಲಟ ಅಲ್ಲಾಡುತ್ತವೆ. ಮರದ ಕೆಲಸವನ್ನು ದಸರೆ ದಾಟಿದ ಮೇಲೆ, ಅಕ್ಟೋಬರ್–ನವೆಂಬರ್‌ನಲ್ಲಿ ಮಾಡಿಸಿ. ಶ್ರಾವಣದ ಅವಸರಕ್ಕೆ ತೊಗಲು, ಫೆಲ್ಟು, ಸ್ಪ್ರಿಂಗು, ರೀಡಿನ ಧೂಳು, ಇಷ್ಟು ಆದರೆ ಪೇಟಿ ಹಾಡುತ್ತದೆ. ಉಳಿದದ್ದು ಕಾಯಲಿ.

ಎಲ್ಲ ಪೇಟಿಗೂ ಒಂದೇ ಅಳತೆ ಇಲ್ಲ ಎಂಬುದನ್ನೂ ಹೇಳಬೇಕು. ವಾರಕ್ಕೆ ನಾಲ್ಕು ದಿನ ಭಜನೆ ನಡೆಯುವ ಕಡೆ ಹಳೆಯ ಪೇಟಿಯನ್ನು ದುಡಿಸುವುದಕ್ಕಿಂತ ಹೊಸ ಕೈಪೇಟಿ ಕೊಳ್ಳಿ, ಹಳೆಯದು ಜಾತ್ರೆ, ಪುರಾಣ ಮಂಗಲಕ್ಕೆ ಬರಲಿ. ಯಾರೂ ನುಡಿಸದೆ ನೋಡಲಿಕ್ಕೆ ಮಾತ್ರ ಇಟ್ಟಿದ್ದರೆ ಧೂಳು ತೆಗೆದು, ನುಸಿ–ಇಲಿ ಬಾರದಂತೆ ಮಾಡಿ ಸುಮ್ಮನಿರಿ. ಮುಂದೆ ನುಡಿಸುವವರು ಹುಟ್ಟಿದಾಗ ಅವರು ನೋಡಿಕೊಳ್ಳುತ್ತಾರೆ. ಗೆದ್ದಲು ಹಿಡಿದು ರೀಡ್ ಬೋರ್ಡೇ ಪುಡಿಯಾಗಿದ್ದರೆ ನಾವೇ ಹಾಕಿದ ಗೆರೆ ದಾಟಬೇಕಾಗುತ್ತದೆ. ಆಗ ರೀಡುಗಳನ್ನು ಅನುಕ್ರಮ ತಪ್ಪದಂತೆ, ಒಂದೊಂದಕ್ಕೂ ನಂಬರು ಬರೆದ ಲಕೋಟೆಯಲ್ಲಿ ತೆಗೆದಿಟ್ಟು, ಅದೇ ಅಳತೆಯ ಹೊಸ ಬೋರ್ಡು ಮಾಡಿಸಬೇಕು. ಮರ ಹೋಯಿತೆಂದು ರೀಡು ಎಸೆಯುವಂತಿಲ್ಲ.

ಕೊನೆಗೆ ಮಂಡಳಿಗಳ ಕಾರ್ಯದರ್ಶಿಗಳಿಗೆ ಒಂದು ಕೋರಿಕೆ. ಬಿಚ್ಚುವ ಮುನ್ನ ಪ್ರತಿ ಹಂತದ ಫೋಟೊ ತೆಗೆದಿಡಿ. ಕೆಲಸ ಮುಗಿದ ಮೇಲೆ ಅಂಚೆ ಕಾರ್ಡಿನಷ್ಟು ಕಾಗದದಲ್ಲಿ ತಾರೀಖು, ಬದಲಿಸಿದ ಸಾಮಾನು, ಯಾವ ಅಂಟು, ಯಾವ ರೀಡಿನ ನಾಲಿಗೆ ಬದಲಾಯಿತು, ಎ ಸ್ವರ 435ಕ್ಕೋ 440ಕ್ಕೋ ಎಂದು ಬರೆದು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಸರೇಸಿನಿಂದ ಅಂಟಿಸಿ. ಬಾಲ್‌ಪೆನ್ ಬೇಡ, ಪೆನ್ಸಿಲ್ಲಿನಲ್ಲಿ ಬರೆಯಿರಿ, ತೇವಕ್ಕೆ ಹರಡುವುದಿಲ್ಲ.

ಇಂತಿ,
ಹಾರ್ಮೋನಿಯಂ ದುರಸ್ತಿಗಾರರು,
ಕಲಬುರಗಿ